ಅಡುಗೆಮನೆ ಸಾಮಾನಿನಲ್ಲೇ ತಲೆಸ್ನಾನ: ಸೀಗೆ, ಗೊಂಪು, ಎಣ್ಣೆ, ಗಂಜಿ – ಅಳತೆ ಸಮೇತ

ಮನೆಯಲ್ಲೇ ಮಾಡಿದ ಸೀಗೆ, ಮೆಂತ್ಯ, ಎಣ್ಣೆ ಬಳಸಿ ನಾಲ್ಕು ದಿನಕ್ಕೆ ಕೈಬಿಟ್ಟವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕೂದಲ ತುಂಬ ಮೆಂತ್ಯದ ಚೂರು, ಎಷ್ಟು ತೊಳೆದರೂ ಬಿಡದ ಜಿಡ್ಡು, ಒಣಗಿದ ಮೇಲೆ ಬಿರುಸು, ಬಚ್ಚಲಲ್ಲಿ ಕಟ್ಟಿಕೊಂಡ ನೀರು. ಇವಕ್ಕೆಲ್ಲ ಪದಾರ್ಥವನ್ನು ದೂರುವುದು ಸರಿಯಲ್ಲ. ಸರಿಯಾಗಿ ಸೋಸಿರುವುದಿಲ್ಲ, ಅಳತೆ ಮೀರಿರುತ್ತದೆ, ಇಲ್ಲವೆ ಹೊತ್ತು ಮೀರಿ ತಲೆಯ ಮೇಲೆ ಬಿಟ್ಟಿರುತ್ತಾರೆ. ಅದಕ್ಕೇ ಇಲ್ಲಿ ಯಾವುದು ಒಳ್ಳೆಯದು ಅನ್ನುವುದಕ್ಕಿಂತ ಎಷ್ಟು ಹಾಕಬೇಕು, ಹೇಗೆ ಸೋಸಬೇಕು, ಯಾವಾಗ ತೊಳೆಯಬೇಕು ಅನ್ನುವುದೇ ಹೆಚ್ಚು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಅಡುಗೆಮನೆಯ ಸಾಮಾನು ಕೊಳೆ-ಜಿಡ್ಡು ತೆಗೆಯುತ್ತದೆ, ಕೂದಲಿಗೆ ನುಣುಪು ಕೊಡುತ್ತದೆ, ತುದಿ ಮುರಿಯುವುದನ್ನು ಕಡಿಮೆ ಮಾಡುತ್ತದೆ. ಬೋಳಾದ ಕಡೆ ಕೂದಲು ಹುಟ್ಟಿಸುವುದಿಲ್ಲ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂ.ಮೀ. ‘ಎಣ್ಣೆ ಹಚ್ಚಿದ ಮೇಲೆ ಉದ್ದ ಬಂತು’ ಅಂದರೆ ಬೆಳೆದದ್ದು ಮುರಿಯದೆ ಉಳಿಯಿತು ಅಂತಲೇ ಅರ್ಥ. ಅದೇನೂ ಸಣ್ಣ ಲಾಭವಲ್ಲ.

ಕೆಳಗಿನ ಅಳತೆಗಳು ಭುಜ ದಾಟಿದ ಕೂದಲಿಗೆ. ಸೊಂಟ ಮುಟ್ಟುವ ಜಡೆಗೆ ಇದರ ಎರಡರಷ್ಟು ಬೇಕು, ಗಂಡಸರ ಕ್ರಾಪಿಗೆ ಮೂರನೇ ಒಂದು ಭಾಗ ಸಾಕು. ಟೇಬಲ್ ಚಮಚ ಅಂದರೆ 15 ಮಿ.ಲೀ., ಟೀ ಚಮಚ ಅಂದರೆ 5 ಮಿ.ಲೀ., ಲೋಟ ಅಂದರೆ 200 ಮಿ.ಲೀ. ಯಾವ ಪದಾರ್ಥವಾದರೂ ಮೊದಲ ಸಲ ಬಳಸುವಾಗ ಮೊಣಕೈ ಒಳಭಾಗಕ್ಕೆ ಸ್ವಲ್ಪ ಸವರಿ 24 ಗಂಟೆ ನೋಡಿ. ತುರಿಕೆ, ಕೆಂಪು ಬಂದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ. ಮನೆಯದ್ದಾದ ಮಾತ್ರಕ್ಕೆ ಅಲರ್ಜಿ ಆಗುವುದಿಲ್ಲ ಅಂತೇನಿಲ್ಲ.

ಸೀಗೆಪುಡಿ

ಸೀಗೆಕಾಯಿ, ಅಂಟುವಾಳ ಎರಡರಲ್ಲೂ ನೊರೆ ಕೊಡುವ ಸಪೋನಿನ್ ಇದೆ. ಜಿಡ್ಡು ಬಿಡಿಸುವುದು ಅದೇ. ಸೀಗೆಯ ನೊರೆ ಕಡಿಮೆ, ಗುಣ ಮೃದು. ಅಂಟುವಾಳದ ನೊರೆ ಜಾಸ್ತಿ, ಅದು ಕೂದಲನ್ನು ಒಣಗಿಸುವುದೂ ಜಾಸ್ತಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿಕಾಯಿ, ಜೇನಿನ ಜತೆ ಕಾಡಿನಿಂದ ತರುವ ಕಿರು ಉತ್ಪನ್ನಗಳಲ್ಲಿ ಇವೆರಡೂ ಇವೆ. ಪೇಟೆಯಲ್ಲಾದರೆ ಗ್ರಂಧಿಗೆ ಅಂಗಡಿಯಲ್ಲಿ ಇಡೀ ಕಾಯಿ ಕೇಳಿ ತನ್ನಿ. ಪುಡಿ ತಂದರೆ ಅದರಲ್ಲಿ ಏನೇನು ಬೆರೆತಿದೆ ಅಂತ ತಿಳಿಯುವ ದಾರಿಯಿಲ್ಲ. ಕೆಂಗಂದು ಬಣ್ಣದ, ಹುಳು ತೂತಿಲ್ಲದ, ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡುವ ಕಾಯಿ ಒಳ್ಳೆಯದು.

ಬೇಕಾದದ್ದು: ಸೀಗೆಕಾಯಿ 500 ಗ್ರಾಂ, ಬೀಜ ತೆಗೆದ ಅಂಟುವಾಳದ ಸಿಪ್ಪೆ 100 ಗ್ರಾಂ, ಮೆಂತ್ಯ 100 ಗ್ರಾಂ, ಹೆಸರುಕಾಳು 150 ಗ್ರಾಂ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ-ಹೂವು ಎರಡು ಹಿಡಿ, ಒಣಗಿದ ಕರಿಬೇವು ಒಂದು ಹಿಡಿ. ಕೂದಲು ಒರಟಾಗಿದ್ದರೆ ಅಂಟುವಾಳವನ್ನು 50 ಗ್ರಾಂಗೆ ಇಳಿಸಿ, ಮೆಂತ್ಯವನ್ನು 150ಕ್ಕೆ ಏರಿಸಿ. ಎರಡೇ ದಿನಕ್ಕೆ ಜಿಡ್ಡಾಗುವ ತಲೆಗೆ ಮೇಲಿನ ಅಳತೆಯೇ ಸರಿ.

ಎಲ್ಲವನ್ನೂ ಎರಡು ದಿನ ಗಟ್ಟಿ ಬಿಸಿಲಲ್ಲಿ ಒಣಗಿಸಿ. ಸೀಗೆಕಾಯಿ ಬಗ್ಗಿಸಿದರೆ ಚಟ್ಟನೆ ಮುರಿಯಬೇಕು. ಬಾಗಿದರೆ ಇನ್ನೂ ತೇವ ಇದೆ ಅಂತಲೇ ಲೆಕ್ಕ. ಹಾಗೇ ಬೀಸಿದರೆ ಪುಡಿ ಗಂಟು ಕಟ್ಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ರಾಗಿ-ಗೋಧಿ ಬೀಸುವ ಗಿರಣಿಯಲ್ಲಿ ಸೀಗೆಗೆ ಒಪ್ಪುವುದು ಕಡಿಮೆ, ಹಿಂದಿನಿಂದ ಬರುವವರ ಹಿಟ್ಟು ಕಹಿಯಾಗುತ್ತದಲ್ಲ! ಸೀಗೆ-ಅರಿಶಿನಕ್ಕೆ ಬೇರೆ ಯಂತ್ರ ಇಟ್ಟಿರುವ ಗಿರಣಿ ವಿಚಾರಿಸಿ. ಮಿಕ್ಸಿಯಲ್ಲೇ ಮಾಡುವುದಾದರೆ ಕಾಯಿಯನ್ನು ಮೊದಲು ಕುಟ್ಟಿ, ಗಟ್ಟಿ ಬೀಜ ಆರಿಸಿ ತೆಗೆದು, ಜಾರಿಗೆ ಒಂದೊಂದೇ ಹಿಡಿ ಹಾಕಿ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ತಿರುಗಿಸಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ, ತಕ್ಷಣ ತೆಗೆದರೆ ಏಳುವ ಧೂಳಿಗೆ ಸೀನು-ಕೆಮ್ಮು ಹತ್ತಿಕೊಳ್ಳುತ್ತದೆ. ಆಸ್ತಮಾ ಇರುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಕೊನೆಗೆ ಮೈದಾ ಜರಡಿಯಲ್ಲಿ ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಬೀಸಿ.

ಸಲಕ್ಕೆ ಮೂರು ಟೇಬಲ್ ಚಮಚದ ಲೆಕ್ಕದಲ್ಲಿ, ವಾರಕ್ಕೆ ಎರಡು ಸಲ ಒಬ್ಬರೇ ಬಳಸಿದರೆ ಈ ಪುಡಿ ಹತ್ತಿರ ಹತ್ತಿರ ನಾಲ್ಕು ತಿಂಗಳು ಬರುತ್ತದೆ. ಒಣ ಚಮಚ, ಬಿಗಿ ಮುಚ್ಚಳದ ಡಬ್ಬಿ ಇರಲಿ.

ಬಳಸುವ ಬಗೆ ಹೀಗೆ. ಮೂರು ಟೇಬಲ್ ಚಮಚ ಪುಡಿಗೆ ಒಂದು ಲೋಟ ಬಿಸಿನೀರು ಹಾಕಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಡಿ. ಈ ನೆನೆಸುವುದನ್ನು ಬಿಟ್ಟು ನೇರ ತಲೆಗೆ ಹಚ್ಚುವವರೇ ‘ನೊರೆ ಬರಲಿಲ್ಲ, ಪುಡಿ ಹೋಗಲಿಲ್ಲ’ ಅನ್ನುವುದು. ನೆನೆದ ಮೇಲೆ ಇನ್ನೊಂದು ಲೋಟ ಉಗುರುಬೆಚ್ಚಗಿನ ನೀರು ಸೇರಿಸಿ, ಹಳೆಯ ತೆಳು ಪಂಚೆಯ ತುಂಡಿನಲ್ಲಿ ಹಿಂಡಿ ಸೋಸಿ. ಬರುವ ಕಂದು ನೀರನ್ನೇ ಒದ್ದೆ ಮಾಡಿದ ತಲೆಗೆ ಸ್ವಲ್ಪ ಸ್ವಲ್ಪ ಸುರಿದು, ಬೆರಳ ತುದಿಯಲ್ಲಿ ಬುಡ ಉಜ್ಜಿ, ಮೂರು ನಿಮಿಷ ಬಿಟ್ಟು ತೊಳೆಯಿರಿ. ಶಾಂಪೂವಿನಷ್ಟು ನೊರೆ ಬರುವುದಿಲ್ಲ. ನೊರೆ ಇಲ್ಲ ಅಂತ ಮತ್ತೆ ಮತ್ತೆ ಹಾಕುತ್ತಾ ಹೋದರೆ ಕೂದಲು ಒಣಗುತ್ತದೆ. ಕಣ್ಣಿಗೆ ಬಿದ್ದರೆ ಚೆನ್ನಾಗಿ ಉರಿಯುತ್ತದೆ. ತಲೆ ಹಿಂದಕ್ಕೆ ಬಾಗಿಸಿ ಕೂತು ಹಾಕಿಸಿಕೊಂಡರೆ ಈ ತೊಂದರೆಯಿಲ್ಲ, ಮಕ್ಕಳಿಗಂತೂ ಹೀಗೇ ಮಾಡಬೇಕು. ಬಿಳಿ ಟವೆಲ್ಲಿಗೆ ಕಂದು ಕಲೆ ಆಗುತ್ತದೆ, ಹಳೆಯದೊಂದನ್ನು ಇದಕ್ಕೇ ಇಟ್ಟುಕೊಳ್ಳಿ. ಬಣ್ಣ ಹಾಕಿಸಿದ ಕೂದಲಾದರೆ ಬಣ್ಣ ಬೇಗ ಬಿಡಬಹುದು.

ಪುಡಿಯ ರಗಳೆ ಬೇಡ ಅನ್ನುವವರು ಐದು ಸೀಗೆಕಾಯಿ, ಎಂಟು ಅಂಟುವಾಳದ ಸಿಪ್ಪೆ, ಒಂದು ಟೀ ಚಮಚ ಮೆಂತ್ಯವನ್ನು ಮೂರು ಲೋಟ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಗ್ಗೆ ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿಕೊಳ್ಳಬಹುದು. ಉಕ್ಕುತ್ತದೆ, ದೊಡ್ಡ ಪಾತ್ರೆ ಇಡಿ. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಆಮೇಲೆ ಹುಳಿತು ನಾತ ಬರುತ್ತದೆ.

ಗೊಂಪು ಮತ್ತು ಮೆಂತ್ಯ

ಸೀಗೆ ತೊಳೆಯುತ್ತದೆ, ಸಿಕ್ಕು ಬಿಡಿಸುವುದಿಲ್ಲ. ಅದಕ್ಕೆ ಲೋಳೆ ಬೇಕು. ಮಲೆನಾಡು-ಕರಾವಳಿಯಲ್ಲಿ ದಾಸವಾಳ, ಮತ್ತಿಯಂಥ ಸೊಪ್ಪನ್ನು ನೀರಲ್ಲಿ ಕಿವುಚಿ ತೆಗೆಯುವ ಗೊಂಪು ಇದೇ ಕೆಲಸಕ್ಕೆ. ಅಂಗಡಿಯ ಕಂಡೀಷನರ್ ಮಾಡುವ ಕೆಲಸದಲ್ಲಿ ಒಂದಷ್ಟನ್ನು ಇದು ಬಿಟ್ಟಿಯಾಗಿ ಮಾಡಿಕೊಡುತ್ತದೆ.

ದಾಸವಾಳದ ಬಲಿತ ಎಲೆ ಇಪ್ಪತ್ತು ಸಾಕು. ಒಂಟಿ ಎಸಳಿನ ನಾಟಿ ಕೆಂಪು ದಾಸವಾಳದ್ದಾದರೆ ಲೋಳೆ ಚೆನ್ನಾಗಿ ಬರುತ್ತದೆ. ಎಲೆ ತೊಳೆದು, ದಂಟು ತೆಗೆದು, ಹರಿದು, ಎರಡು ಲೋಟ ತಣ್ಣೀರಲ್ಲಿ ಹದಿನೈದು ನಿಮಿಷ ನೆನೆಸಿ. ಆಮೇಲೆ ಬಟ್ಟೆ ಹಿಂಡುವಂತೆ ಕಿವುಚುತ್ತಾ ಹೋಗಿ. ಮೊದಲು ಬರೀ ಹಸಿರು ನೀರು. ಐದಾರು ನಿಮಿಷ ಕಳೆದ ಮೇಲೆ ಎಲೆ ಬೆರಳ ಸಂದಿಯಿಂದ ಜಾರತೊಡಗುತ್ತದೆ, ಕೈ ಎತ್ತಿದರೆ ಎಳೆ ಇಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ ಸೋಸಿ. ಅವಸರಕ್ಕೆ ಮಿಕ್ಸಿಗೆ ಹಾಕಿದರೆ ಎಲೆ ನುಚ್ಚಾಗಿ ಲೋಳೆಯಲ್ಲೇ ಸೇರಿಕೊಳ್ಳುತ್ತದೆ, ಯಾವ ಬಟ್ಟೆಯಲ್ಲೂ ಸೋಸಲು ಬರುವುದಿಲ್ಲ, ಬಾಚಣಿಗೆಯಲ್ಲಿ ಎರಡು ದಿನ ಹಸಿರು ಚುಕ್ಕೆ ಉದುರುತ್ತವೆ. ಇಲ್ಲಿ ಕೈಯೇ ಗತಿ.

ಅಪಾರ್ಟ್‌ಮೆಂಟಿನಲ್ಲಿ ದಾಸವಾಳ ಎಲ್ಲಿಂದ ಅನ್ನುವವರಿಗೆ ಮೆಂತ್ಯ ಇದೆ. ಎರಡು ಟೇಬಲ್ ಚಮಚ ಮೆಂತ್ಯ, ಅಂದರೆ ಎರಡು-ಮೂರು ರೂಪಾಯಿ ಸಾಮಾನು, ಒಂದು ಲೋಟ ನೀರಲ್ಲಿ ಎಂಟು ಗಂಟೆ ನೆನೆಯಲಿ. ಎಲ್ಲರೂ ಇದನ್ನು ರುಬ್ಬಿ ಹಾಗೇ ತಲೆಗೆ ಮೆತ್ತಿಕೊಳ್ಳುತ್ತಾರೆ. ತಪ್ಪಾಗುವುದು ಇಲ್ಲಿಯೇ. ಮೆಂತ್ಯದ ಸಿಪ್ಪೆ ಎಷ್ಟು ರುಬ್ಬಿದರೂ ನುಣ್ಣಗಾಗುವುದಿಲ್ಲ, ಒಣಗಿದ ಮೇಲೆ ಕೂದಲಿಗೆ ಕಚ್ಚಿಕೊಳ್ಳುತ್ತದೆ. ರುಬ್ಬಿದ್ದಕ್ಕೆ ಇನ್ನೂ ಒಂದು ಲೋಟ ನೀರು ಬೆರೆಸಿ, ಪಂಚೆ ಬಟ್ಟೆಯಲ್ಲಿ ಕಟ್ಟಿ, ತಿರುಚಿ ಹಿಂಡಿ. ಟೀ ಸೋಸುವ ಜಾಲರಿ ಇದಕ್ಕೆ ಸಾಲದು. ಬೇಕಾಗಿರುವುದು ಆ ಲೋಳೆ ಮಾತ್ರ. ಚರಟ ಗಿಡದ ಬುಡಕ್ಕೆ ಹೋಗಲಿ. ಬಚ್ಚಲ ಕೊಳವೆಗೆ ಹೋದರೆ ಅಲ್ಲೇ ಉಬ್ಬಿ ಕೂರುತ್ತದೆ.

ಗೊಂಪನ್ನಾಗಲಿ, ಮೆಂತ್ಯದ ಲೋಳೆಯನ್ನಾಗಲಿ ಸೀಗೆ ಹಾಕಿ ತೊಳೆದ ಮೇಲೆ, ಕಿವಿಯ ಮಟ್ಟದಿಂದ ಕೆಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ ತೊಳೆಯಿರಿ. ಗಂಟೆಗಟ್ಟಲೆ ಕೂರಬೇಕಿಲ್ಲ. ಶೀತದ ಮೈಯವರು ಲೋಳೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಬಹುದು. ಮೆಂತ್ಯದ ವಾಸನೆ ಒಂದು ದಿನ ಇರುತ್ತದೆ, ಬೆವರಿದರೆ ಇನ್ನೂ ಜೋರು. ಮರುದಿನ ಮದುವೆಗೆ ಹೋಗಬೇಕಾದರೆ ದಾಸವಾಳವೇ ವಾಸಿ. ಕಡಲೆಕಾಯಿ, ಕಡಲೆಯಂಥ ಕಾಳಿಗೆ ಅಲರ್ಜಿ ಇರುವವರಿಗೆ ಮೆಂತ್ಯವೂ ಆಗಿಬರದೆ ಇರಬಹುದು.

ಗುಂಗುರು ಕೂದಲಿಗೆ ಅಗಸೆ ಬೀಜದ ಲೋಳೆ ಇನ್ನೂ ಒಳ್ಳೆಯದು. ಇದನ್ನು ತೊಳೆಯಬೇಕಿಲ್ಲ, ಒದ್ದೆ ಕೂದಲಿಗೆ ಸವರಿ ಹಾಗೇ ಒಣಗಲು ಬಿಡುವುದು. ಮೂರು ಟೇಬಲ್ ಚಮಚ ಬೀಜ, ಎರಡು ಲೋಟ ನೀರು, ಮಧ್ಯಮ ಉರಿ, ಕೈಯಾಡಿಸುತ್ತಾ ಎಂಟು-ಹತ್ತು ನಿಮಿಷ. ಸೌಟಿನಿಂದ ಎಳೆ ಎಳೆಯಾಗಿ ಇಳಿಯತೊಡಗಿದ ಕೂಡಲೇ ಒಲೆ ಆರಿಸಿ, ಬಿಸಿಯಿರುವಾಗಲೇ ಸೋಸಿ. ‘ಆರಲಿ’ ಅಂತ ಬಿಟ್ಟಿರೋ, ಬೀಜ-ಲೋಳೆ ಒಂದೇ ಮುದ್ದೆಯಾಗಿ ಜಾಲರಿಯಲ್ಲಿ ಇಳಿಯುವುದೇ ಇಲ್ಲ. ಹಾಗಾದರೆ ಅರ್ಧ ಲೋಟ ನೀರು ಸೇರಿಸಿ ಮತ್ತೆ ಬಿಸಿ ಮಾಡಿ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಕೂದಲ ಮೇಲೆ ಬಿಳಿ ಹೊಟ್ಟಿನಂತೆ ಉದುರಿದರೆ ಹಚ್ಚಿದ್ದು ಹೆಚ್ಚಾಯಿತು.

ಎಣ್ಣೆ

ತೆಂಗಿನೆಣ್ಣೆಗೆ ಒಂದು ವಿಶೇಷ ಗುಣ ಇದೆ. ಅದರ ಲಾರಿಕ್ ಆಮ್ಲದ ಅಣು ಸಣ್ಣದು, ನೇರವಾದದ್ದು; ಹಾಗಾಗಿ ಕೂದಲ ಎಳೆಯ ಒಳಕ್ಕೆ ಇಳಿಯುತ್ತದೆ. ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಹಾಗೆ ಇಳಿಯುವುದಿಲ್ಲ. ಸ್ನಾನಕ್ಕೆ ಮುಂಚೆ ಹಚ್ಚಿದ ತೆಂಗಿನೆಣ್ಣೆ ತೊಳೆಯುವಾಗ ಕೂದಲಿನ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡುತ್ತದೆ ಅಂತ 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ಮೂರೂ ಎಣ್ಣೆಗಳನ್ನು ಹೋಲಿಸಿ ತೋರಿಸಿದೆ. ಅಂದರೆ ಹಚ್ಚಬೇಕಾದ್ದು ಬುಡಕ್ಕಿಂತ ಹೆಚ್ಚಾಗಿ ಉದ್ದಕ್ಕೆ, ತುದಿಗೆ. ಎರಡು ಟೀ ಚಮಚ ಸಾಕು, ಎರಡು-ಮೂರು ಗಂಟೆ ಸಾಕು. ಎಣ್ಣೆ ಸುರಿದುಕೊಂಡರೆ ಅದನ್ನು ತೆಗೆಯಲು ಹಾಕುವ ಸೀಗೆಯೇ ಹಚ್ಚಿದ ಲಾಭವನ್ನು ತಿಂದುಹಾಕುತ್ತದೆ. ಎಣ್ಣೆ ಜಾಸ್ತಿಯಾಯಿತು ಅನಿಸಿದರೆ ತಲೆ ಒದ್ದೆ ಮಾಡುವ ಮುಂಚೆಯೇ ಎರಡು ಟೇಬಲ್ ಚಮಚ ಹೆಸರುಹಿಟ್ಟನ್ನು ಸ್ವಲ್ಪ ನೀರಲ್ಲಿ ಕಲಸಿ ಹಚ್ಚಿ ಉಜ್ಜಿ, ಆಮೇಲೆ ಸೀಗೆ. ಕಡಲೆಹಿಟ್ಟೂ ಆದೀತು. ಎರಡಕ್ಕೂ ಸುಡುವ ನೀರು ಬೇಡ, ಹಿಟ್ಟು ಬೆಂದು ಕೂದಲಿಗೆ ಅಂಟುತ್ತದೆ.

ಸೊಪ್ಪು ಹಾಕಿ ಕಾಯಿಸುವುದಾದರೆ 250 ಮಿ.ಲೀ. ತೆಂಗಿನೆಣ್ಣೆಗೆ ಎರಡು ಹಿಡಿ ಕರಿಬೇವು, ಒಂದು ಹಿಡಿ ಒಂದೆಲಗ ಅಥವಾ ಗರುಗದ (ಭೃಂಗರಾಜ) ಸೊಪ್ಪು. ಹಿಂದಿನ ದಿನವೇ ತೊಳೆದು ಬಟ್ಟೆಯ ಮೇಲೆ ಹರಡಿ ಆರಿಸಿರಬೇಕು. ನೀರು ಅಂಟಿದ ಸೊಪ್ಪು ಬಿಸಿ ಎಣ್ಣೆಗೆ ಬಿದ್ದರೆ ಮುಖಕ್ಕೆ ಸಿಡಿಯುತ್ತದೆ. ದಪ್ಪ ತಳದ ಬಾಣಲೆ, ತಣ್ಣಗಿನ ಎಣ್ಣೆಗೇ ಸೊಪ್ಪು, ಸಣ್ಣ ಉರಿ. ಸೊಪ್ಪಿನ ನೀರು ಆವಿಯಾಗುವಷ್ಟು ಹೊತ್ತು ಚುರುಚುರು ಸದ್ದು, ಗುಳ್ಳೆ ಇರುತ್ತವೆ. ಇಪ್ಪತ್ತು ನಿಮಿಷದ ಹೊತ್ತಿಗೆ ಸದ್ದು ನಿಂತು, ಎಲೆ ಮುಟ್ಟಿದರೆ ಪುಡಿಯಾಗುವಂತಾಗುತ್ತದೆ. ಅದೇ ಹದ. ಅಲ್ಲಿಂದ ಒಂದೆರಡು ನಿಮಿಷ ಮೀರಿದರೂ ಸೀದು ವಾಸನೆ ಕೆಡುತ್ತದೆ. ಅನುಮಾನ ಇದ್ದರೆ ಹತ್ತಿ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಒಲೆಯಿಂದ ದೂರ ಹಿಡಿದು ಹಚ್ಚಿ ನೋಡಿ. ಚಟಪಟ ಅಂದರೆ ನೀರು ಉಳಿದಿದೆ, ಸದ್ದಿಲ್ಲದೆ ಉರಿದರೆ ಮುಗಿದಿದೆ. ತೈಲ ಕಾಯಿಸುವ ವೈದ್ಯರು ಬಳಸುತ್ತಾ ಬಂದಿರುವ ಪರೀಕ್ಷೆ ಇದು. ನೀರುಳಿದ ಎಣ್ಣೆ ತಿಂಗಳೊಳಗೆ ಕಮಟು ಹಿಡಿಯುತ್ತದೆ. ಸರಿಯಾಗಿ ಕಾಯಿಸಿ, ಒಣ ಗಾಜಿನ ಸೀಸೆಯಲ್ಲಿಟ್ಟದ್ದು ಮೂರು-ನಾಲ್ಕು ತಿಂಗಳು ನಡೆಯುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಕೆಟ್ಟಿತು ಅಂತಲ್ಲ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುವುದೇ ಹಾಗೆ.

ಹರಳೆಣ್ಣೆ ಹಚ್ಚುವುದಾದರೆ ಒಂದು ಪಾಲಿಗೆ ನಾಲ್ಕು ಪಾಲು ತೆಂಗಿನೆಣ್ಣೆ ಬೆರೆಸಿ. ಬರೀ ಹರಳೆಣ್ಣೆ ಉದ್ದ ಕೂದಲನ್ನು ಬಿಡಿಸಲಾಗದ ಗಂಟು ಮಾಡಿಬಿಡಬಹುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕರ್ಪೂರ ಹಾಕಿದ ಎಣ್ಣೆ ಬೇಡ, ಮಗು ನುಂಗಿದರೆ ಫಿಟ್ಸ್ ಬರುವ ಅಪಾಯವಿದೆ.

ಗಂಜಿ, ಮೊಸರು, ಮೊಟ್ಟೆ

ಕುಚ್ಚಲಕ್ಕಿ ಅನ್ನ ಬಸಿಯುವ ಮನೆಗಳಲ್ಲಿ ಗಂಜಿ ದಿನವೂ ಇರುತ್ತದೆ. ಉಪ್ಪು ಹಾಕುವ ಮೊದಲೇ ಒಂದು ಲೋಟ ತೆಗೆದಿಟ್ಟು, ಅದರಲ್ಲೇ ಸೀಗೆಪುಡಿ ಕಲಸಿ. ಸೀಗೆಯ ಒಣಗಿಸುವ ಗುಣ ಇದರಿಂದ ಕಡಿಮೆಯಾಗುತ್ತದೆ. ಬಸಿಯದವರು ಅಕ್ಕಿಯನ್ನು ಎರಡನೇ ಸಲ ತೊಳೆದ ನೀರು ಬಳಸಿ, ಮೊದಲ ನೀರಿನಲ್ಲಿ ಧೂಳು ಇರುತ್ತದೆ. ಸ್ನಾನದ ಕೊನೆಗೆ ಬರೀ ಗಂಜಿ ಸುರಿಯುವುದಾದರೆ ಒಂದಕ್ಕೆ ಮೂರು ಪಾಲು ನೀರು, ಐದು ನಿಮಿಷ, ಆಮೇಲೆ ಮತ್ತೊಮ್ಮೆ ನೀರು. ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚಾದರೆ ಪಿಷ್ಟದ ಪದರ ಕೂತು, ಗಂಜಿ ಹಾಕಿದ ಸೀರೆಗೆ ಬರುವ ಗರಿಗರಿ ಕೂದಲಿಗೂ ಬರುತ್ತದೆ. ದಿನಗಟ್ಟಲೆ ಹುಳಿ ಬರಿಸಿ ಹಾಕಬೇಕು ಅನ್ನುವ ಸಲಹೆ ಈಚೆಗೆ ಓಡಾಡುತ್ತಿದೆ. ನಮ್ಮ ಸೆಕೆಯಲ್ಲಿ ಒಂದು ದಿನ ದಾಟಿದ ಗಂಜಿಯನ್ನು ತಲೆಗೆ ಹಾಕದಿರುವುದೇ ಲೇಸು.

ಮೊಸರು ಅರ್ಧ ಲೋಟ, ಚೆನ್ನಾಗಿ ಕಡೆದು, ಇಪ್ಪತ್ತು ನಿಮಿಷ. ನುಣುಪು ಬರುತ್ತದೆ, ಅಷ್ಟೆ. ಮೊಟ್ಟೆಯ ಬಗ್ಗೆ ಹೇಳುವಷ್ಟು ದೊಡ್ಡ ಪ್ರಯೋಜನವಿಲ್ಲ. ಅದರ ಪ್ರೋಟೀನ್ ಕೂದಲೊಳಗೆ ಇಳಿಯಲಾರದಷ್ಟು ದೊಡ್ಡದು, ಮೇಲೆ ಪದರವಾಗಿ ಕೂರುತ್ತದೆ. ಹಾಕಲೇಬೇಕೆಂದರೆ ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಸುರಿದರೆ ತಲೆಯ ಮೇಲೇ ಮೊಟ್ಟೆ ಬೇಯುತ್ತದೆ, ಬಿಡಿಸುವುದು ದೊಡ್ಡ ಫಜೀತಿ.

ಬೋರ್‌ವೆಲ್ ನೀರು, ನಿಂಬೆ, ಸೋಡಾ

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ, ಬಯಲುಸೀಮೆಯ ಊರುಗಳಲ್ಲಿ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೆ ದೊಡ್ಡ ತೊಡಕು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತಿದ್ದರೆ ಅದೇ ಪದರ ಕೂದಲ ಮೇಲೂ ಕೂರುತ್ತಿದೆ. ಇಂಥ ನೀರಲ್ಲಿ ಮೈಸೋಪು ತಲೆಗೆ ಹಾಕಿದರೆ ಸೋಪು ಈ ಲವಣಗಳ ಜತೆ ಸೇರಿ ಅಂಟು ಗಷ್ಟಾಗುತ್ತದೆ. ಸೀಗೆಯ ಸಪೋನಿನ್ ಹಾಗಾಗುವುದಿಲ್ಲ, ಗಡಸು ನೀರಿನ ಊರಲ್ಲಿ ಸೀಗೆಗೆ ಇರುವ ನಿಜವಾದ ಮೇಲುಗೈ ಇದು. ಕೊನೆಯ ಎರಡು ಚೊಂಬಿಗೆ ಕಾವೇರಿ ನೀರೋ, ಹಿಡಿದಿಟ್ಟ ಮಳೆನೀರೋ ಇದ್ದರೆ ಚೆನ್ನ. ಇಲ್ಲದಿದ್ದರೆ ಹದಿನೈದು ದಿನಕ್ಕೊಮ್ಮೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸೋಸಿದ ನಿಂಬೆರಸ ಹಾಕಿ ಕೂದಲ ಮೇಲೆ ಸುರಿದು, ಒಂದು ನಿಮಿಷ ಬಿಟ್ಟು ತೊಳೆಯಿರಿ.

ನಿಂಬೆಯನ್ನು ಹೋಳು ಮಾಡಿ ನೇರ ತಲೆಗೆ ಉಜ್ಜಬೇಡಿ. ಅದರ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಕ್ಷಾರ) 2ರ ಹತ್ತಿರ, ತಲೆಯ ಚರ್ಮದ್ದು ಸುಮಾರು 5.5. ಉರಿ ಒಂದು ಕಡೆಯಾದರೆ, ರಸ ಅಂಟಿದ ಹಣೆ-ಕತ್ತಿನ ಮೇಲೆ ಬಿಸಿಲು ಬಿದ್ದು ಗುಳ್ಳೆಯೆದ್ದು ವಾರಗಟ್ಟಲೆ ಕಪ್ಪು ಕಲೆ ಉಳಿಯುವುದು ಇನ್ನೊಂದು. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ. ಪಿಎಚ್ 8ರ ಮೇಲಿರುವ ಅದು ಕೂದಲ ಹೊರಪದರದ ಪೊರೆಗಳನ್ನು ಎಬ್ಬಿಸಿ ಒರಟು ಮಾಡುತ್ತದೆ. ಜಿಡ್ಡು ಹೋಗುವುದು ನಿಜ, ಆದರೆ ಆಮೇಲೆ ಬಾಚಣಿಗೆ ಹೋಗುವುದಿಲ್ಲ.

ಹೊಟ್ಟು ಮತ್ತು ಉದುರುವಿಕೆ

ಹೊಟ್ಟಿಗೆ ಕಾರಣ ಒಣಚರ್ಮ ಅಂತ ತಿಳಿದು ಎಣ್ಣೆ ಸುರಿಯುವವರೇ ಹೆಚ್ಚು. ಬಹುಪಾಲು ಹೊಟ್ಟಿನಲ್ಲಿ ಮಲಸೇಜಿಯಾ ಎಂಬ ಯೀಸ್ಟಿನ ಪಾತ್ರವಿದೆ, ಮತ್ತು ಅದು ಬದುಕುವುದೇ ಎಣ್ಣೆಯಂಶದ ಮೇಲೆ. ಹೊಟ್ಟು ಇರುವಷ್ಟು ದಿನ ಬುಡಕ್ಕೆ ಎಣ್ಣೆ ಹಚ್ಚಿ ರಾತ್ರಿ ಬಿಡುವುದನ್ನು ನಿಲ್ಲಿಸಿ, ತಲೆಸ್ನಾನವನ್ನು ವಾರಕ್ಕೆ ಮೂರಕ್ಕೆ ಏರಿಸಿ. ಮೂರು-ನಾಲ್ಕು ವಾರಕ್ಕೂ ಬಗ್ಗದಿದ್ದರೆ ಆ ಯೀಸ್ಟನ್ನು ಅಡಗಿಸುವ ಕೀಟೊಕೊನಜೋಲ್ ಔಷಧಿ ಇರುವ ಶಾಂಪೂ ಬಗ್ಗೆ ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ಮೊಸರು-ಮೆಂತ್ಯ ಆ ಕೆಲಸ ಮಾಡುವುದಿಲ್ಲ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಡೆಂಗಿ, ಟೈಫಾಯ್ಡ್ ಆದ ಮೇಲೆ, ಹೆರಿಗೆಯಾದ ಮೇಲೆ ಎರಡು-ಮೂರು ತಿಂಗಳಿಗೆ ಹಿಡಿ ಹಿಡಿಯಾಗಿ ಉದುರುವುದೂ ಇದೆ. ಹೆಚ್ಚಿನವರಲ್ಲಿ ಅದು ಆರು ತಿಂಗಳೊಳಗೆ ತಾನಾಗಿ ನಿಂತು ಹೊಸ ಕೂದಲು ಬರುತ್ತದೆ. ಆ ಹೊತ್ತಿಗೆ ತಲೆಗೆ ಯಾವ ಎಣ್ಣೆ ಹಚ್ಚುತ್ತಿದ್ದರೋ ಅದಕ್ಕೆ ಹೆಸರು ಬರುತ್ತದೆ, ಊರೆಲ್ಲ ಸುದ್ದಿಯಾಗುತ್ತದೆ! ಈರುಳ್ಳಿ ರಸದ ಖ್ಯಾತಿಯ ಹಿಂದೆ 2002ರಲ್ಲಿ ಬಾಗ್ದಾದಿನಿಂದ ಪ್ರಕಟವಾದ ಸಣ್ಣ ಅಧ್ಯಯನವೊಂದಿದೆ, ಆದರೆ ಅದು ನಾಣ್ಯದಗಲ ಬೋಳಾಗುವ ಅಲೋಪೇಸಿಯಾ ಅರಿಯೇಟಾದ ಬಗ್ಗೆ. ಸಾಮಾನ್ಯ ಉದುರುವಿಕೆಗೆ ಅದನ್ನು ತಂದು ಅಂಟಿಸುವುದು ಸರಿಯಲ್ಲ, ಚರ್ಮ ಉರಿಯುವವರೂ ಕಡಿಮೆಯಿಲ್ಲ.

ದುಂಡಗೆ ಬೋಳಾದ ಜಾಗ, ಕೀವು, ನೋವಿರುವ ಹಕ್ಕಳೆ, ಬೈತಲೆ ದಿನೇದಿನೇ ಅಗಲವಾಗುವುದು, ಮಕ್ಕಳ ತಲೆಯಲ್ಲಿ ಕೂದಲು ತುಂಡಾಗಿ ಕಪ್ಪು ಚುಕ್ಕೆಯಂತೆ ಕಾಣುವುದು, ಉದುರುವುದು ಆರು ತಿಂಗಳು ಮೀರುವುದು: ಇವುಗಳಲ್ಲಿ ಯಾವುದಿದ್ದರೂ ನೆನೆಹಾಕಿದ ಮೆಂತ್ಯವನ್ನು ಸಾರಿಗೆ ಹಾಕಿ, ಚರ್ಮದ ವೈದ್ಯರ ಹತ್ತಿರ ಹೋಗಿ. ಹೋಗುವ ದಿನ ತಲೆಗೆ ಎಣ್ಣೆ ಬೇಡ, ಹಚ್ಚಿದ್ದರೆ ಅವರಿಗೆ ಬುಡ ನೋಡುವುದು ಕಷ್ಟವಾಗುತ್ತದೆ.